ಪೆನ್‌ಡ್ರೈವ್‌ಗಳಿಂದ ಶಾಲೆಯ ಸರ್ವರ್‌ವರೆಗೆ: ಪಾವಗಡದ ಶಿಕ್ಷಕರು ಮುಕ್ತ ಪಾಠ ಸಂಗ್ರಹ ಕಟ್ಟಿದ ಬಗೆ

ನಮ್ಮ ತಾಲ್ಲೂಕಿನ ಗಣಿತ, ವಿಜ್ಞಾನ ಶಿಕ್ಷಕರ ಬಳಿ ಪಾಠದ ಸಾಮಗ್ರಿಗೆ ಕೊರತೆಯೇನೂ ಇರಲಿಲ್ಲ. ಒಂದು ಸಮಾಲೋಚನಾ ಸಭೆಗೆ ಹೋದರೆ ಪೆನ್‌ಡ್ರೈವ್ ತುಂಬಿಸಿಕೊಂಡು ಬರಬಹುದಿತ್ತು: ಘಟಕ ಪರೀಕ್ಷೆಗಳು, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಹಾಳೆಗಳು, ನೀಲನಕ್ಷೆ (ಅಂಕ ಹಂಚಿಕೆಯ ಪಟ್ಟಿ) ಸಹಿತ ಮಾದರಿ ಪ್ರಶ್ನೆಪತ್ರಿಕೆಗಳು, ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗಲು ಬೇಕಾದಷ್ಟನ್ನೇ ಆಯ್ದ ಪಾಸಿಂಗ್ ಪ್ಯಾಕೇಜ್. ತೊಂದರೆ ಇದ್ದದ್ದು ಬೇರೆ ಕಡೆ. ಮುಕ್ಕಾಲು ಪಾಲು ಪಿಡಿಎಫ್. ಯಾರು ಬರೆದದ್ದು ಎಂದು ಗೊತ್ತಿಲ್ಲ. ಅದರೊಳಗಿನ ಚಿತ್ರ ಯಾವ ಗೈಡಿನಿಂದ ಬಂತೋ ತಿಳಿಯದು. ಒಂದು ಲೆಕ್ಕದ ಉತ್ತರ ತಪ್ಪಿದೆ ಎಂದು ಕಂಡರೂ ತಿದ್ದಲು ದಾರಿಯಿಲ್ಲ. ಕೆಂಪು ಪೆನ್ನಿನಲ್ಲಿ ಹಾಳೆಯ ಮೇಲೆ ತಿದ್ದಿ ಮಕ್ಕಳಿಗೆ ಹೇಳಬೇಕು, ಮುಂದಿನ ವರ್ಷ ಅದೇ ತಪ್ಪು ಮತ್ತೆ ಜೆರಾಕ್ಸ್ ಆಗಿ ಬರುತ್ತದೆ.

ಹಾಗಾಗಿ ಹೊಸದನ್ನು ಬರೆಯುವ ಮೊದಲು ಇದ್ದದ್ದನ್ನು ಬಿಚ್ಚಿ ರಿಪೇರಿ ಮಾಡುವುದೆಂದು ನಾವು ಕೆಲವರು ತೀರ್ಮಾನಿಸಿದೆವು. ಎಂಟರಿಂದ ಹತ್ತನೇ ತರಗತಿಯ ಗಣಿತ, ವಿಜ್ಞಾನ ಮಾತ್ರ. ಪ್ರತಿ ಕಡತಕ್ಕೂ ಒಂದೇ ಪರೀಕ್ಷೆ: ನಮಗೆ ಪರಿಚಯವೇ ಇಲ್ಲದ ಶಿಕ್ಷಕಿಯೊಬ್ಬರು ಇದನ್ನು ತೆರೆದು, ಒಂದು ಲೆಕ್ಕ ತೆಗೆದು ತಮ್ಮದೊಂದನ್ನು ಹಾಕಿ, ಯಾರ ಅಪ್ಪಣೆಯನ್ನೂ ಕಾಯದೆ ಇನ್ನೊಬ್ಬರಿಗೆ ಕೊಡಬಹುದೇ? ಇದಕ್ಕೆ ಕಾನೂನೂ ಹೌದೆನ್ನಬೇಕು, ಕಡತವೂ ಹೌದೆನ್ನಬೇಕು. ಎರಡರಲ್ಲಿ ಒಂದು ಇಲ್ಲವೆಂದರೂ ಅದು ಮುಕ್ತ ಸಂಪನ್ಮೂಲವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಬಿಟ್ಟಿ ಸಿಗುವ ಪಿಡಿಎಫ್ ಬೇರೆ, ತಿದ್ದಿಕೊಳ್ಳಲು ಸಿಗುವ ಪಾಠ ಬೇರೆ.

ಹಕ್ಕಿನ ವಿಚಾರ ಮೊದಲು

"ಮಕ್ಕಳಿಗೋಸ್ಕರ ತಾನೇ, ಯಾರು ಕೇಳುತ್ತಾರೆ" ಎಂಬ ಮಾತು ಮೊದಲ ಸಭೆಯಲ್ಲೇ ಬಂತು. ತರಗತಿಯೊಳಗೆ ಅದು ಬಹುಮಟ್ಟಿಗೆ ನಿಜ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ, ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಕೃತಿಯ ಪ್ರತಿ ಮಾಡಿಕೊಳ್ಳಲು ವಿನಾಯಿತಿ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ ಆ ವಿನಾಯಿತಿಯನ್ನು ವಿಶಾಲವಾಗಿಯೇ ಅರ್ಥೈಸಿತು. ಆದರೆ ನಾವು ಮಾಡಹೊರಟದ್ದು ತರಗತಿಯೊಳಗಿನ ಬಳಕೆಯಲ್ಲ. ಇನ್ನೊಬ್ಬರ ಚಿತ್ರವನ್ನು ನಮ್ಮ ಹಾಳೆಯಲ್ಲಿಟ್ಟು "ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಿ" ಎಂದು ಊರಿಗೆಲ್ಲ ಹೇಳುವುದು. ನಮ್ಮದಲ್ಲದ್ದಕ್ಕೆ ಆ ಅನುಮತಿ ಕೊಡಲು ನಾವು ಯಾರು?

ಇನ್ನೊಂದು ಸೂಕ್ಷ್ಮ ಇತ್ತು, ಅದನ್ನು ಎತ್ತಿದವರು ಅನುದಾನಿತ ಶಾಲೆಯ ಹಿರಿಯ ಮೇಷ್ಟ್ರು. ನೌಕರಿಯ ಭಾಗವಾಗಿ ಬರೆದದ್ದರ ಮೊದಲ ಹಕ್ಕು ಯಾರಿಗೆ? ಅದೇ ಕಾಯ್ದೆಯ 17ನೇ ಕಲಮಿನ ಪ್ರಕಾರ ಬೇರೆ ಕರಾರು ಇಲ್ಲದಿದ್ದರೆ ಸರ್ಕಾರಿ ಕೃತಿಯ ಮೊದಲ ಹಕ್ಕುದಾರ ಸರ್ಕಾರ, ನೌಕರಿಯ ಕೆಲಸವಾಗಿ ಮಾಡಿದ್ದಕ್ಕೆ ಕೆಲಸ ಕೊಟ್ಟವರು. ಹಾಗಾಗಿ ಇಲಾಖೆಯ ಆದೇಶದ ಮೇಲೆ ತರಬೇತಿಯಲ್ಲಿ ತಯಾರಾದ ಕೈಪಿಡಿಗಳನ್ನು ನಾವು ಮುಟ್ಟಲಿಲ್ಲ. ಶಿಕ್ಷಕರು ತಮ್ಮ ಮನೆಯಲ್ಲಿ, ತಮ್ಮ ಇಷ್ಟದಿಂದ ಬರೆದದ್ದನ್ನು ಮಾತ್ರ ತೆಗೆದುಕೊಂಡು, ಪ್ರತಿಯೊಬ್ಬರಿಂದ ಅರ್ಧ ಪುಟದ ಒಪ್ಪಿಗೆ ಪತ್ರ ಬರೆಸಿಕೊಂಡೆವು. ರಾಜ್ಯದ ಪಠ್ಯಪುಸ್ತಕದ ಪುಟಗಳನ್ನೂ ಸ್ಕ್ಯಾನ್ ಮಾಡಿ ಸೇರಿಸಲಿಲ್ಲ. ಪೈಥಾಗೊರಸ್ ಪ್ರಮೇಯ ಯಾರ ಸೊತ್ತೂ ಅಲ್ಲ. ಅದನ್ನು ಪುಸ್ತಕದಲ್ಲಿ ವಿವರಿಸಿದ ವಾಕ್ಯಗಳಿಗೂ ಬಿಡಿಸಿದ ಚಿತ್ರಕ್ಕೂ ಹಕ್ಕುದಾರರಿದ್ದಾರೆ.

ಪರವಾನಗಿಯ ಆಯ್ಕೆಗೆ ಬಹಳ ಚರ್ಚೆ ಆಯಿತು, ಆಗಬೇಕಾದದ್ದೂ ಹೌದು. ಕೃತಿಯನ್ನು ಇತರರು ಯಾವ ಷರತ್ತಿನ ಮೇಲೆ ಬಳಸಬಹುದೆಂದು ಮೊದಲೇ ಹೇಳಿಬಿಡುವ ಸಿದ್ಧ ಪರವಾನಗಿಗಳನ್ನು ರೂಪಿಸುವ ಸಂಸ್ಥೆ ಕ್ರಿಯೇಟಿವ್ ಕಾಮನ್ಸ್; ಅದು ತನ್ನ ಮೊದಲ ಪರವಾನಗಿಗಳನ್ನು 2002ರಲ್ಲಿ ಹೊರತಂದಿತು. ಈಗ ಬಳಕೆಯಲ್ಲಿರುವ 4.0 ಆವೃತ್ತಿ 2013ರದ್ದು. ಷರತ್ತುಗಳು ನಾಲ್ಕೇ: ಬರೆದವರ ಹೆಸರು ಹೇಳಬೇಕು, ಬದಲಿಸಿ ಹಂಚುವವರು ಅದೇ ಪರವಾನಗಿಯಲ್ಲಿ ಹಂಚಬೇಕು, ವ್ಯಾಪಾರಕ್ಕೆ ಬಳಸಬಾರದು, ಬದಲಿಸಿದ್ದನ್ನು ಹಂಚಬಾರದು. ಇವುಗಳ ಜೋಡಣೆಯಿಂದ ಆರು ಪರವಾನಗಿಗಳು. ಕೊನೆಯ ಷರತ್ತನ್ನು ಎಲ್ಲರೂ ಕೂಡಲೇ ಕೈಬಿಟ್ಟರು, ಅದಿದ್ದರೆ ಅನುವಾದ ಮಾಡಿ ಹಂಚಲೂ ಆಗುವುದಿಲ್ಲ. ಜಗಳ ಆದದ್ದು ಮೂರನೆಯದರ ಮೇಲೆ.

"ನಾನು ರಾತ್ರಿಯೆಲ್ಲ ಕೂತು ಬರೆದದ್ದನ್ನು ಗೈಡಿನವರು ಅಚ್ಚು ಹಾಕಿ ಮಾರಿಕೊಂಡರೆ?" ಎಂದರು ಹಿರಿಯ ಮೇಷ್ಟ್ರು.

"ಮಾರಲಿ ಬಿಡಿ ಸಾರ್. ನಿಮ್ಮ ಹೆಸರು ಹಾಕಲೇಬೇಕು, ಅದೇ ಪರವಾನಗಿ ಇಡಲೇಬೇಕು. ಕೊಂಡುಕೊಂಡ ಹುಡುಗ ಅದನ್ನು ಜೆರಾಕ್ಸ್ ಮಾಡಿ ಊರಿಗೆಲ್ಲ ಹಂಚಿದರೂ ಅವರು ಕೇಳೋ ಹಾಗಿಲ್ಲ. ಅಂಥ ಗೈಡು ಯಾರು ಹಾಕ್ತಾರೆ ಹೇಳಿ" ಎಂದು ಗಣಿತದ ಮೇಡಂ ಉತ್ತರಿಸಿದರು.

ಕೊನೆಗೆ ಒಪ್ಪಿಸಿದ್ದು ಇನ್ನೂ ವ್ಯಾವಹಾರಿಕವಾದ ಕಾರಣ. ಕನ್ನಡ ವಿಕಿಪೀಡಿಯದ ಬರಹ ಇರುವುದು ಹೆಸರು ಹೇಳುವ, ಅದೇ ಪರವಾನಗಿಯಲ್ಲಿ ಹಂಚುವ ಷರತ್ತಿನಲ್ಲಿ. ಮೈಸೂರು ವಿಶ್ವವಿದ್ಯಾನಿಲಯ 2014ರಲ್ಲಿ ತನ್ನ ಕನ್ನಡ ವಿಶ್ವಕೋಶವನ್ನೂ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟಿದೆ. "ವ್ಯಾಪಾರ ಬೇಡ" ಎಂಬ ಷರತ್ತನ್ನು ನಾವು ಸೇರಿಸಿದರೆ ವಿಕಿಪೀಡಿಯದ ಪ್ಯಾರಾ ಒಂದನ್ನು ನಮ್ಮ ಪಾಠದೊಳಗೆ ಹೆಣೆಯುವಂತಿಲ್ಲ. ಆ ಎರಡು ಪರವಾನಗಿಗಳು ಒಂದೇ ಕೃತಿಯಲ್ಲಿ ಬೆರೆಯುವುದಿಲ್ಲ. ಇದೇ ಕಾರಣಕ್ಕೆ ವ್ಯಾಪಾರ ಬೇಡವೆನ್ನುವ ಖಾನ್ ಅಕಾಡೆಮಿಯ ವಿಡಿಯೊಗಳನ್ನು ನಮ್ಮ ಹಾಳೆಯೊಳಗೆ ಸೇರಿಸದೆ, ಬೇರೆ ಫೋಲ್ಡರ್‌ನಲ್ಲಿ ಅವುಗಳ ಪರವಾನಗಿಯ ಚೀಟಿಯೊಂದಿಗೆ ಪಕ್ಕದಲ್ಲಿ ಇಟ್ಟೆವು. ಪಕ್ಕಪಕ್ಕ ಇಡುವುದಕ್ಕೆ ಅಡ್ಡಿಯಿಲ್ಲ, ಕಲಸುವುದಕ್ಕೆ ಮಾತ್ರ ಅಡ್ಡಿ.

ಹೀಗೆ ಹೆಸರು ಹೇಳುವ, ಅದೇ ಪರವಾನಗಿಯಲ್ಲಿ ಹಂಚುವ 4.0 ಅನ್ನೇ ಆರಿಸಿಕೊಂಡೆವು. ಕರ್ನಾಟಕದ ಶಿಕ್ಷಕರಿಗೆ ಈ ದಾರಿ ಹೊಸದೇನಲ್ಲ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಅಂದಿನ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಾ ಅಭಿಯಾನ (ಆರ್‌ಎಂಎಸ್‌ಎ), ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ 2013ರಲ್ಲಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣವನ್ನು ಶುರು ಮಾಡಿದ್ದವು. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದ ಮೇಲೆಯೇ ಕಟ್ಟಿದ್ದು, ಪುಟ ಬರೆದವರು ಸರ್ಕಾರಿ ಶಾಲೆಯ ಶಿಕ್ಷಕರು. ಅಲ್ಲಿ ನೋಡಿ ಕಲಿತ ಘಟಕದ ಚೌಕಟ್ಟನ್ನೇ ನಾವು ಬಳಸಿದ್ದೇವೆ: ಪರಿಕಲ್ಪನಾ ನಕ್ಷೆ, ಚಟುವಟಿಕೆ, ಮೌಲ್ಯಮಾಪನ, ಆಕರ.

ನುಡಿಯಿಂದ ಯುನಿಕೋಡ್‌ಗೆ

ಹೆಚ್ಚಿನ ಸಮಯ ತಿಂದ ಭಾಗ ಇದು. ವರ್ಷಗಟ್ಟಲೆ ನಾವೆಲ್ಲ ಟೈಪ್ ಮಾಡಿದ್ದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿ. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರದ ಸಂಕೇತಗಳನ್ನು. ಫಾಂಟ್ ಅದಕ್ಕೆ ಕನ್ನಡದ ಆಕಾರ ಕೊಡುತ್ತದೆ. ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಗುರುತುಗಳ ಸಾಲು. ಹುಡುಕಲು ಬರುವುದಿಲ್ಲ, ದೃಷ್ಟಿ ಇಲ್ಲದ ಮಕ್ಕಳಿಗೆ ಓದಿ ಹೇಳುವ ತಂತ್ರಾಂಶಕ್ಕೂ ಏನೂ ತಿಳಿಯುವುದಿಲ್ಲ. ಎಲ್ಲ ಕಂಪ್ಯೂಟರ್, ಫೋನುಗಳಿಗೂ ತಿಳಿಯುವ ಯುನಿಕೋಡ್ ಎಂಬ ಸಂಕೇತ ಪದ್ಧತಿಯಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತವಿದೆ. ಹಾಗಾಗಿ ಎಲ್ಲವನ್ನೂ ಅಲ್ಲಿಗೆ ತರಲೇಬೇಕಿತ್ತು.

ಪರಿವರ್ತಕ ತಂತ್ರಾಂಶಗಳು ಬಿಟ್ಟಿಯಾಗಿ ಸಿಗುತ್ತವೆ, ಮುಕ್ತ ತಂತ್ರಾಂಶವಾಗಿಯೂ ಸಿಗುತ್ತವೆ. ಬರಿ ಕನ್ನಡದ ಕಥೆ, ಪ್ರಬಂಧಕ್ಕೆ ಅವು ಸಾಕು. ಗಣಿತದ ಹಾಳೆ ಬೇರೆ ಜಾತಿ. ಅಲ್ಲಿ ಒಂದೇ ಸಾಲಿನಲ್ಲಿ ಕನ್ನಡ ಪದ, ಇಂಗ್ಲಿಷಿನ ಎಕ್ಸ್, ವೈ, ತ್ರಿಭುಜದ ಎ-ಬಿ-ಸಿ ಎಲ್ಲ ಇರುತ್ತವೆ. ಪರಿವರ್ತಕಕ್ಕೆ ಎರಡೂ ಇಂಗ್ಲಿಷ್ ಸಂಕೇತಗಳೇ. ತ್ರಿಭುಜದ ಶೃಂಗಗಳನ್ನೂ ಕನ್ನಡವೆಂದು ತಿಳಿದು ಯಾವ್ಯಾವುದೋ ಒತ್ತಕ್ಷರವಾಗಿ ಮಾಡಿಬಿಡುತ್ತದೆ.

ದಾರಿ ಕಡತದ ಒಳಗೇ ಇತ್ತು. ವರ್ಡ್‌ನಂಥದೇ ಮುಕ್ತ ತಂತ್ರಾಂಶ ಲಿಬ್ರೆಆಫೀಸ್‌ನ ಒಡಿಟಿ ಕಡತ ಆಗಲಿ, ವರ್ಡ್‌ನ ಡಾಕ್ಸ್ ಆಗಲಿ, ನಿಜಕ್ಕೂ ಒಂದು ಜಿಪ್ ಗಂಟು. ಬಿಚ್ಚಿದರೆ ಎಕ್ಸ್‌ಎಂಎಲ್ ಪಠ್ಯ ಸಿಗುತ್ತದೆ, ಅದರಲ್ಲಿ ಯಾವ ತುಂಡು ಯಾವ ಫಾಂಟಿನಲ್ಲಿದೆ ಎಂಬುದು ಬರೆದಿರುತ್ತದೆ. ನಮ್ಮ ಗುಂಪಿನ ಕಿರಿಯ ಶಿಕ್ಷಕರೊಬ್ಬರು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆದರು: ನುಡಿ ಫಾಂಟಿನ ತುಂಡುಗಳನ್ನು ಮಾತ್ರ ಪರಿವರ್ತಕಕ್ಕೆ ಕಳಿಸು, ಉಳಿದದ್ದನ್ನು ಮುಟ್ಟಬೇಡ, ಮತ್ತೆ ಜಿಪ್ ಕಟ್ಟು. ಹಳೆಯ ಡಾಕ್ ಕಡತಗಳನ್ನು ಮೊದಲು ಲಿಬ್ರೆಆಫೀಸ್‌ನಲ್ಲಿ ತೆರೆದು ಒಡಿಟಿಯಾಗಿ ಉಳಿಸಿಕೊಂಡು ಇದೇ ದಾರಿಗೆ ತಂದೆವು. ಅಕ್ಷರದ ದಪ್ಪ, ಓರೆ, ಕೋಷ್ಟಕ ಎಲ್ಲ ಇದ್ದ ಹಾಗೇ ಉಳಿದವು. ಪಠ್ಯವನ್ನು ಕಾಪಿ ಮಾಡಿ ಪರಿವರ್ತಿಸಿ ಪೇಸ್ಟ್ ಮಾಡುವ ರೀತಿಯಲ್ಲಿ ಇದ್ಯಾವುದೂ ಉಳಿಯುತ್ತಿರಲಿಲ್ಲ.

ಮುಂದಿನ ಕಾಟ ಅರ್ಕಾವೊತ್ತು. ಹಳೆಯ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರದ ನಂತರ ಉಳಿದಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಂತೆ ಅಕ್ಷರಕ್ಕಿಂತ ಮೊದಲು ಬರಬೇಕು. ಪರಿವರ್ತಕ ಅದನ್ನು ಸರಿಯಾಗಿ ಹಿಂದಕ್ಕೆ ಸರಿಸದಿದ್ದರೆ ವರ್ಗ ಹೋಗಿ "ವಗರ್" ಆಗುತ್ತದೆ, ಕರ್ಣ "ಕಣರ್" ಆಗುತ್ತದೆ, ದೀರ್ಘ "ದೀಘರ್" ಆಗುತ್ತದೆ. ಪಿಡಿಎಫ್‌ನಿಂದ ಕಿತ್ತ ಪಠ್ಯದಲ್ಲಂತೂ ಇದು ಪುಟಪುಟಕ್ಕೂ ಇತ್ತು. ವರ್ಗ ಸಮೀಕರಣದ ಘಟಕದಲ್ಲಿ ವರ್ಗ ಎಂಬ ಪದವೇ ಕೆಟ್ಟರೆ ಏನು ಉಳಿಯಿತು? ಅರ್ಧ "ರ್"ನಿಂದ ಮುಗಿಯುವ ಪದಗಳನ್ನೆಲ್ಲ ಪಟ್ಟಿ ಮಾಡಿದೆವು. ಅದರಲ್ಲಿ ಮೀಟರ್, ಲೀಟರ್, ಡಿಸೆಂಬರ್ ಸರಿಯಾದವು. ಅವನ್ನು ಹೊರಗಿಟ್ಟು ಮಿಕ್ಕವನ್ನು ಒಂದೊಂದಾಗಿ ಕಣ್ಣಲ್ಲಿ ನೋಡಿ ಬದಲಾಯಿಸಿದೆವು. ಇದನ್ನು ಯಂತ್ರಕ್ಕೆ ಪೂರ್ತಿ ಬಿಡಬೇಡಿ ಎಂದೇ ಹೇಳುತ್ತೇನೆ.

ಕಣ್ಣಿಗೆ ಕಾಣದ ಇನ್ನೊಂದು ದೋಷ ಅನುಸ್ವಾರದ್ದು. ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದವರು ಬಹಳ ಜನ. "ಸಂಖ್ಯೆ" ಮತ್ತು "ಸ೦ಖ್ಯೆ" ಹಾಳೆಯ ಮೇಲೆ ಒಂದೇ ತರಹ ಕಾಣುತ್ತವೆ, ಆದರೆ ಎರಡನೆಯದರಲ್ಲಿ ಇರುವುದು ಸೊನ್ನೆ. ಸಂಖ್ಯೆ ಎಂದು ಹುಡುಕಿದರೆ ಅದು ಸಿಗುವುದೇ ಇಲ್ಲ. ಹಿಂದೆ ಕನ್ನಡ ಅಕ್ಷರವಿದ್ದು ಮುಂದೆಯೂ ಅಕ್ಷರವೇ ಬಂದರೆ ನಡುವಿನ ಸೊನ್ನೆ ಅನುಸ್ವಾರವೇ ಎಂಬ ನಿಯಮದಿಂದ ಇದನ್ನು ಸ್ಕ್ರಿಪ್ಟ್ ತಾನೇ ಸರಿಪಡಿಸಿತು. ಹಾಗೆಯೇ ಒಕಾರ, ಓಕಾರಗಳು ಕೆಲವು ಕಡತಗಳಲ್ಲಿ ಒಂದೇ ಸಂಕೇತವಾಗಿ, ಕೆಲವದರಲ್ಲಿ ಬಿಡಿಬಿಡಿ ಸ್ವರಚಿಹ್ನೆಗಳ ಜೋಡಿಯಾಗಿ ಇದ್ದವು. ಯುನಿಕೋಡ್‌ನಲ್ಲಿ ಇವನ್ನು ಒಂದೇ ರೂಪಕ್ಕೆ ತರುವ ಪ್ರಮಾಣಿತ ವಿಧಾನವಿದೆ, ಪೈಥಾನ್‌ನಲ್ಲಿ ಒಂದು ಸಾಲಿನ ಕೆಲಸ. ಇಷ್ಟಾದ ಮೇಲೆ "ಕೋನ" ಎಂದು ಹುಡುಕಿದರೆ ಎಲ್ಲ ಕೋನಗಳೂ ಸಿಕ್ಕವು.

ಕೈಬರಹದಲ್ಲೂ ಡಿಟಿಪಿ ಪ್ರಿಂಟ್‌ನಲ್ಲೂ ಮಾತ್ರ ಉಳಿದ ಹಾಳೆಗಳಿದ್ದವು. ಪ್ರಿಂಟ್ ಚೆನ್ನಾಗಿದ್ದದ್ದಕ್ಕೆ, ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಓದುವ ಟೆಸ್ಸರಾಕ್ಟ್ ತಂತ್ರಾಂಶ ಬಳಸಿದೆವು. ಅದು ಕನ್ನಡವನ್ನು ಓದುತ್ತದೆ, ಒತ್ತಕ್ಷರಗಳಲ್ಲಿ ಎಡವುತ್ತದೆ. ಕೈಬರಹವನ್ನು ಟೈಪ್ ಮಾಡಿದೆವು, ಅಷ್ಟೇ.

ಸಮೀಕರಣ ಮತ್ತು ಚಿತ್ರ

ಹಳೆಯ ವರ್ಡ್ ಕಡತಗಳ ಸಮೀಕರಣಗಳನ್ನು ವರ್ಡ್ ಜೊತೆಗೇ ಬರುತ್ತಿದ್ದ ಇಕ್ವೇಶನ್ ಎಡಿಟರ್ 3.0ರಲ್ಲಿ ಮಾಡಲಾಗಿತ್ತು. ಭದ್ರತೆಯ ಕಾರಣಕ್ಕೆ ಮೈಕ್ರೋಸಾಫ್ಟ್ ಅದನ್ನು 2018ರ ಜನವರಿಯಲ್ಲಿ ತೆಗೆದುಹಾಕಿತು. ಅಂದಿನಿಂದ ಆ ಸಮೀಕರಣಗಳು ಕಾಣುತ್ತವೆ, ಮುಟ್ಟಲು ಬರುವುದಿಲ್ಲ. ಲಿಬ್ರೆಆಫೀಸ್‌ನ ಆಯ್ಕೆಗಳಲ್ಲಿ ಕಡತ ತೆರೆಯುವ-ಉಳಿಸುವ ವಿಭಾಗದೊಳಗೆ ಮೈಕ್ರೋಸಾಫ್ಟ್ ಆಫೀಸ್ ಎಂಬ ಪುಟವಿದೆ. ಅಲ್ಲಿ ಮ್ಯಾಥ್‌ಟೈಪ್ (ಇಕ್ವೇಶನ್ ಎಡಿಟರ್ ಇದರದೇ ಚಿಕ್ಕ ರೂಪ) ಸಮೀಕರಣಗಳನ್ನು ತನ್ನದೇ ಮ್ಯಾಥ್ ರೂಪಕ್ಕೆ ತಿರುಗಿಸುವ ಆಯ್ಕೆಗೆ ಗುರುತು ಹಾಕಿ ಕಡತ ತೆರೆದರೆ ಬಹುಪಾಲು ಸಮೀಕರಣಗಳು ಮತ್ತೆ ತಿದ್ದುವ ಸ್ಥಿತಿಗೆ ಬರುತ್ತವೆ. ಸಾದಾ ಭಿನ್ನರಾಶಿಗಳು ಸರಿ ಬಂದವು. ಮೂಲಚಿಹ್ನೆಯೊಳಗೆ ಭಿನ್ನರಾಶಿ ಇದ್ದ ಕೆಲವನ್ನು ಕೈಯಲ್ಲಿ ಸರಿಮಾಡಬೇಕಾಯಿತು.

ಚಿತ್ರಗಳ ವಿಷಯದಲ್ಲಿ ನಿಯಮ ಕಠಿಣವಾಗಿಟ್ಟೆವು: ಮೂಲ ಗೊತ್ತಿಲ್ಲದ ಚಿತ್ರ ಉಳಿಯಬಾರದು. ಜ್ಯಾಮಿತಿಯ ಚಿತ್ರಗಳನ್ನೆಲ್ಲ ಜಿಯೋಜಿಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ಹೊಸದಾಗಿ ಬಿಡಿಸಿದೆವು. ಅದರ ಕಡತವೂ ಜಿಪ್ ಗಂಟೇ, ಒಳಗೆ ಎಕ್ಸ್‌ಎಂಎಲ್ ಇರುತ್ತದೆ. ಹಾಗಾಗಿ ಚಿತ್ರದೊಳಗಿನ ಕನ್ನಡ ಹೆಸರುಗಳನ್ನೂ ಒಟ್ಟಿಗೆ ಬದಲಾಯಿಸಬಹುದು. ಕಣ್ಣು, ಹೃದಯ, ಹೂವಿನ ಸೀಳುನೋಟ ಮುಂತಾದವನ್ನು ಮುಕ್ತ ಚಿತ್ರಗಳ ತಾಣ ವಿಕಿಮೀಡಿಯ ಕಾಮನ್ಸ್‌ನ ಎಸ್‌ವಿಜಿ (ತಿದ್ದಲು ಬರುವ ರೇಖಾಚಿತ್ರ) ಕಡತಗಳಿಂದ ತೆಗೆದುಕೊಂಡು, ಚಿತ್ರ ತಿದ್ದುವ ಇಂಕ್‌ಸ್ಕೇಪ್ ತಂತ್ರಾಂಶದಲ್ಲಿ ಕನ್ನಡ ಹೆಸರು ಕೊಟ್ಟೆವು. ಪ್ರತಿ ಚಿತ್ರಕ್ಕೂ ಒಂದು ಸಾಲಿನ ದಾಖಲೆ: ಶೀರ್ಷಿಕೆ, ಬಿಡಿಸಿದವರು, ಸಿಕ್ಕ ಜಾಗ, ಪರವಾನಗಿ, ನಾವು ಮಾಡಿದ ಬದಲಾವಣೆ. ಈ ಪಟ್ಟಿಯನ್ನು ಚಿತ್ರ ಸೇರಿಸುವಾಗಲೇ ತುಂಬಬೇಕು. ಆಮೇಲೆ ನೋಡಿಕೊಳ್ಳೋಣ ಎಂದು ಬಿಟ್ಟ ಸಾಲು ತುಂಬುವುದೇ ಇಲ್ಲ.

ಪ್ರಯೋಗಗಳಿಗೆ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಅನುಕರಣೆಗಳನ್ನು, ಅಂದರೆ ಕಂಪ್ಯೂಟರ್ ಪರದೆಯ ಮೇಲೆ ಆಡಿಸಿ ನೋಡುವ ಪ್ರಯೋಗಗಳನ್ನು ಇಟ್ಟುಕೊಂಡೆವು. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ ಯೋಜನೆ ಅದು. ಹೆಸರು ಹೇಳಿದರೆ ಸಾಕು ಎನ್ನುವ ಪರವಾನಗಿ. ಹಲವು ಅನುಕರಣೆಗಳು ಕನ್ನಡದಲ್ಲೇ ಇವೆ. ಒಂದೊಂದೂ ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಯುತ್ತದೆ, ಇಂಟರ್ನೆಟ್ ಇಲ್ಲದೆ ಈಗಿನ ಬ್ರೌಸರ್‌ಗಳಲ್ಲಿ ಓಡುತ್ತದೆ. ಓಮನ ನಿಯಮ ಕಲಿಸುವಾಗ ವೋಲ್ಟೇಜ್ ಏರಿಸಿದ ಹಾಗೆ ಸೂತ್ರದ ಅಕ್ಷರವೇ ದೊಡ್ಡದಾಗುವುದನ್ನು ಕಂಡ ಮಕ್ಕಳಿಗೆ ನಾನು ಅನುಪಾತದ ಬಗ್ಗೆ ಬೇರೆ ಪೀಠಿಕೆ ಹಾಕಬೇಕಾಗಿಯೇ ಬರಲಿಲ್ಲ.

ನೀರಿನ ಪಾಠ

ರಿಪೇರಿಯ ನಡುವೆ ಹೊಸದಾಗಿ ಕಟ್ಟಿದ ಪಾಠ ಒಂದೇ, ಅದರ ಬಗ್ಗೆ ವಿವರವಾಗಿ ಹೇಳಬೇಕು. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು, ಅದು ಮಿತಿಮೀರಿದರೆ ಹಲ್ಲು, ಮೂಳೆ ಕೆಡುತ್ತವೆ. ಇಲ್ಲಿಯ ಮಕ್ಕಳಿಗೆ ಇದು ಪುಸ್ತಕದ ವಿಷಯವಲ್ಲ. ಹಲ್ಲಿನ ಮೇಲಿನ ಕಂದು ಗೆರೆ, ಅಜ್ಜನ ಬಾಗಿದ ಬೆನ್ನು. ಪುಸ್ತಕದಲ್ಲಿ ಹ್ಯಾಲೊಜನ್‌ಗಳ ನಡುವೆ ಫ್ಲೋರಿನ್ ಒಂದು ಹೆಸರಾಗಿ ಬಂದು ಹೋಗುತ್ತದೆ. ರಸಾಯನ ವಿಜ್ಞಾನದ ಶಿಕ್ಷಕರು, ಗಣಿತದ ಮೇಡಂ, ಭೂಗೋಳ ಹೇಳುವ ಸಮಾಜ ವಿಜ್ಞಾನದ ಮೇಷ್ಟ್ರು ಮೂವರೂ ಕೂತು ಒಂದು ಘಟಕ ಬರೆದರು.

ಭೂಗೋಳದ ಭಾಗ, ನಮ್ಮ ಕಾಲ ಕೆಳಗಿನ ಗ್ರಾನೈಟ್, ನೈಸ್ ಶಿಲೆಗಳ ಬಗ್ಗೆ. ಅವುಗಳಲ್ಲಿರುವ ಫ್ಲೋರೈಟ್, ಅಪಟೈಟ್, ಬಯೊಟೈಟ್ ಖನಿಜಗಳಿಂದ ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಮಳೆ ಕಡಿಮೆ, ಬೋರ್‌ವೆಲ್ ಆಳ, ನೀರು ಬಂಡೆಯ ಜೊತೆ ಬಹುಕಾಲ ನಿಂತಿರುತ್ತದೆ. ರಸಾಯನದ ಭಾಗದಲ್ಲಿ ಬಣ್ಣ ಹೋಲಿಸುವ ಪರೀಕ್ಷಾ ಕಿಟ್‌ನಿಂದ ಮಕ್ಕಳೇ ತಮ್ಮ ಊರಿನ ಬೋರ್‌ವೆಲ್, ಕೆರೆ, ಶುದ್ಧ ಕುಡಿಯುವ ನೀರಿನ ಘಟಕ, ಮಳೆನೀರು ಎಲ್ಲದರ ಮಾದರಿ ನೋಡುತ್ತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಈ ಎರಡು ಗೆರೆಗಳನ್ನು ಮಕ್ಕಳು ತಾವೇ ತಮ್ಮ ಅಳತೆಗಳ ಗ್ರಾಫ್ ಮೇಲೆ ಎಳೆಯುತ್ತಾರೆ. ಗಣಿತದ ಭಾಗದಲ್ಲಿ ಸರಾಸರಿ, ಮಧ್ಯಾಂಕ. ಒಂದೇ ಒಂದು ಕೆಟ್ಟ ಬೋರ್‌ವೆಲ್ ಊರಿನ ಸರಾಸರಿಯನ್ನು ಎಷ್ಟು ಎಳೆಯುತ್ತದೆ, ಮಧ್ಯಾಂಕ ಯಾಕೆ ಅಷ್ಟು ಅಲುಗಾಡುವುದಿಲ್ಲ ಎಂಬುದು ಸಂಖ್ಯಾಶಾಸ್ತ್ರದ ಘಟಕದಲ್ಲಿ ಇಷ್ಟು ಚೆನ್ನಾಗಿ ಬೇರೆಲ್ಲೂ ಬರಲಾರದು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರತೆ ಏರುತ್ತದೆ ಎಂಬ ಅಂಶವನ್ನು ಪೆಟ್ಟಿಗೆ ಕಟ್ಟಿ ದಪ್ಪಕ್ಷರದಲ್ಲಿ ಹಾಕಿದ್ದೇವೆ. ಅದು ಮನೆಗೆ ಮುಟ್ಟಬೇಕಾದ ಮಾತು.

ಪಾವಗಡದ ಸುತ್ತ ಬಹುಪಾಲು ಆಂಧ್ರದ ಗಡಿ. ಎಷ್ಟೋ ಮಕ್ಕಳ ಮನೆಮಾತು ತೆಲುಗು. ಅದಕ್ಕಾಗಿ ಚಟುವಟಿಕೆ ಹಾಳೆಯಲ್ಲಿ ಪಾರಿಭಾಷಿಕ ಪದಗಳಿಗೆ ಕನ್ನಡ ಲಿಪಿಯಲ್ಲೇ ತೆಲುಗು ಮಾತುಗಳ ಒಂದು ಅಂಕಣವಿದೆ. ಮನೆಯಲ್ಲಿ ಪ್ರಶ್ನೆ ಕೇಳಿ ಬರೆದುಕೊಂಡು ಬರುವ ಕೆಲಸ ಅದರಿಂದ ಎಷ್ಟೋ ಹಗುರಾಯಿತು.

ಮುಕ್ತ ಪರವಾನಗಿಯಿಂದ ಆದ ಲಾಭ ನನಗೆ ಸ್ಪಷ್ಟವಾಗಿ ಕಂಡದ್ದು ಇಲ್ಲಿಯೇ. ಬಾಗೇಪಲ್ಲಿ ಕಡೆಯ ಶಿಕ್ಷಕಿಯೊಬ್ಬರು ತರಬೇತಿಯಲ್ಲಿ ಸಿಕ್ಕಾಗ ಈ ಘಟಕವನ್ನು ತೆಗೆದುಕೊಂಡು ಹೋದರು. ಅಲ್ಲಿಯೂ ಫ್ಲೋರೈಡ್ ಇದೆ, ಅಲ್ಲಿಯೂ ತೆಲುಗು ಇದೆ. ಅವರು ನಮ್ಮ ಊರುಗಳ ಮಾಹಿತಿ ತೆಗೆದು ತಮ್ಮ ಮಕ್ಕಳು ಅಳೆದದ್ದನ್ನು ಹಾಕಿದರು, ತೆಲುಗು ಅಂಕಣದ ಕೆಲವು ಪದಗಳನ್ನು ತಿದ್ದಿದರು, ಹಾಲು, ನುಗ್ಗೆ, ರಾಗಿಯಂಥ ಸುಣ್ಣದಂಶದ ಆಹಾರದ ಬಗ್ಗೆ ಒಂದು ಪುಟ ಸೇರಿಸಿದರು. ಘಟಕ ಬರೆದ ನಮ್ಮ ಮೂವರು ಶಿಕ್ಷಕರ ಹೆಸರಿನ ಕೆಳಗೆ ತಮ್ಮ ಹೆಸರು ಬರೆದು ಅದೇ ಪರವಾನಗಿಯಲ್ಲಿ ಕಡತವನ್ನು ಹಿಂದಕ್ಕೆ ಕಳಿಸಿದರು. ಆಹಾರದ ಪುಟ ಈಗ ನಮ್ಮ ಪ್ರತಿಯಲ್ಲೂ ಇದೆ, ನಮ್ಮ ಬಿಸಿಯೂಟದ ಅಡುಗೆಯವರೂ ಅದನ್ನು ಕೇಳಿ ಓದಿಸಿಕೊಂಡರು. ಗೈಡಿನ ಬಗ್ಗೆ ವಾದ ಮಾಡಿದ ಹಿರಿಯ ಮೇಷ್ಟ್ರು ಆ ಕಡತ ನೋಡಿದ ಮೇಲೆ ತಮ್ಮ ತ್ರಿಕೋನಮಿತಿಯ ಟಿಪ್ಪಣಿಯನ್ನೂ ತಂದುಕೊಟ್ಟರು.

ಯಂತ್ರ

ಸಂಗ್ರಹವನ್ನು ಶಾಲೆಯೊಳಗೆ ಇಂಟರ್ನೆಟ್ ಇಲ್ಲದೆ ತೆರೆಯಲು ಒಂದು ಸರ್ವರ್ ಬೇಕಿತ್ತು. ಅಂಗೈಯಗಲದ ಕಂಪ್ಯೂಟರ್ ರಾಸ್ಪ್‌ಬೆರಿ ಪೈ ತರೋಣ ಎಂದವರಿದ್ದರು. ವಿದ್ಯುತ್ ಬಹಳ ಕಡಿಮೆ ಸಾಕು ಅದಕ್ಕೆ. ಆದರೆ ನಾಲ್ಕನೆಯ ಮಾದರಿಯವರೆಗೆ ಅದರಲ್ಲಿ ಬ್ಯಾಟರಿಯ ಗಡಿಯಾರವೇ ಇಲ್ಲ, ಕರೆಂಟ್ ಹೋಗಿ ಬಂದರೆ ದಿನಾಂಕ ತಪ್ಪುತ್ತದೆ. ಇಂಟರ್ನೆಟ್ ಇಲ್ಲದ ಕಡೆ ಅದನ್ನು ಸರಿಮಾಡುವವರು ಯಾರು? ಯಾವ ಕಡತ ಹೊಸದು, ಯಾವುದು ಹಳೆಯದು ಎಂಬುದು ದಿನಾಂಕದ ಮೇಲೆ ನಿಂತಿರುವಾಗ ಇದು ಸಣ್ಣ ಮಾತಲ್ಲ. ಕಂಪ್ಯೂಟರ್ ಕೊಠಡಿಯ ಮೂಲೆಯಲ್ಲಿ ಕೆಟ್ಟು ಕೂತಿದ್ದ ಡೆಸ್ಕ್‌ಟಾಪ್ ಒಂದನ್ನೇ ಎಬ್ಬಿಸುವುದೆಂದಾಯಿತು.

ಆನ್ ಮಾಡಿದರೆ ಬೀಪ್ ಬೀಪ್, ಪರದೆ ಕಪ್ಪು. ರ‍್ಯಾಮ್ ಪಟ್ಟಿಗಳನ್ನು ತೆಗೆದು ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದ ಮೇಲೆ ಪರದೆ ಬಂತು. ದಿನಾಂಕ ಯಾವುದೋ ಹಳೆಯ ಜನವರಿ 1. ಮದರ್‌ಬೋರ್ಡ್ ಮೇಲಿನ ಬಿಲ್ಲೆಯಾಕಾರದ 3 ವೋಲ್ಟಿನ ಸಿಆರ್2032 ಬ್ಯಾಟರಿ ಸತ್ತಿತ್ತು. ಗಡಿಯಾರದ ಅಂಗಡಿಯಲ್ಲೂ ಸಿಗುವ ವಸ್ತು. ಶಾಲೆಯ ಕಂಪ್ಯೂಟರ್‌ನಲ್ಲಿ ಬ್ರೌಸರ್ ಎಲ್ಲ ತಾಣಗಳೂ ಅಸುರಕ್ಷಿತ ಎಂದು ತಡೆಯುತ್ತಿದ್ದರೆ ಮೊದಲು ದಿನಾಂಕ ನೋಡಿ; ಎಷ್ಟೋ ಸಲ ಕೆಟ್ಟಿರುವುದು ಈ ಬ್ಯಾಟರಿ ಮಾತ್ರ. ಪ್ರೊಸೆಸರ್ ಮೇಲಿನ ಒಣಗಿದ ಪೇಸ್ಟ್ ಒರೆಸಿ ಹೊಸದು ಹಚ್ಚಿದೆವು, ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಪೆಟ್ಟಿಗೆಯ ಧೂಳು ಊದಿದೆವು, ಕಿರುಗುಡುತ್ತಿದ್ದ ಹಾರ್ಡ್‌ಡಿಸ್ಕ್ ಜಾಗಕ್ಕೆ 240 ಜಿಬಿಯ ಎಸ್‌ಎಸ್‌ಡಿ ಹಾಕಿದೆವು. ಯುಪಿಎಸ್ ಪೆಟ್ಟಿಗೆ ಚೆನ್ನಾಗಿಯೇ ಇತ್ತು, ಒಳಗಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಮಾತ್ರ ಹೊಸದು. ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಜಾಗ) ಕರೆಂಟ್ ಬಂದ ಕೂಡಲೇ ಯಂತ್ರ ತಾನೇ ಆನ್ ಆಗುವ ಆಯ್ಕೆ ಇರುತ್ತದೆ, ಅದನ್ನು ಮರೆಯದೆ ಹಾಕಿ. ಇಲ್ಲದಿದ್ದರೆ ಪ್ರತಿ ಬೆಳಿಗ್ಗೆ ಗುಂಡಿ ಒತ್ತುವವರನ್ನು ಹುಡುಕಬೇಕಾಗುತ್ತದೆ.

ತಂತ್ರಾಂಶ ಹಾಕುವುದು ಇದಕ್ಕಿಂತ ಸುಲಭ. ವಿಂಡೋಸ್ ಬದಲಿಗೆ ಬಳಸುವ ಮುಕ್ತ ತಂತ್ರಾಂಶ ಉಬುಂಟು, ಅದರ ಮೇಲೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಕನ್ನಡ ವಿಕಿಪೀಡಿಯಕ್ಕೆ ಕಿವಿಕ್ಸ್. ಇಡೀ ಕನ್ನಡ ವಿಕಿಪೀಡಿಯ ಒಂದೇ ಝಿಮ್ ಕಡತವಾಗಿ ಸಿಗುತ್ತದೆ, ಕಿವಿಕ್ಸ್ ಅದನ್ನು ಬ್ರೌಸರ್‌ಗೆ ಬಡಿಸುತ್ತದೆ. ಓದು ಹಿಂದಿರುವ ಮಕ್ಕಳಿಗೆಂದು ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಿಂದ ಕನ್ನಡ ಕಥೆಗಳನ್ನೂ ಹಾಕಿದೆವು. ಅವೂ ಮುಕ್ತ ಪರವಾನಗಿಯವು. ಹಳೆಯ ಫೋನುಗಳಲ್ಲಿ ಒತ್ತಕ್ಷರ ಒಡೆಯದಂತೆ ನೋಟೊ ಕನ್ನಡ ಫಾಂಟನ್ನು ಸರ್ವರ್‌ನಲ್ಲೇ ಇಟ್ಟು ಪುಟಗಳಿಗೆ ಜೋಡಿಸಿದ್ದೇವೆ. ಅದರ ಪರವಾನಗಿ ಇದಕ್ಕೆ ಅವಕಾಶ ಕೊಡುತ್ತದೆ.

ಮನೆಯಲ್ಲಿ ಬಿದ್ದಿದ್ದ ವೈಫೈ ರೂಟರ್ ಒಂದನ್ನು ತಂದು ಸರ್ವರ್‌ಗೆ 192.168.1.10 ಎಂಬ ಸ್ಥಿರ ವಿಳಾಸ ಕೊಟ್ಟೆವು. ಕೊಠಡಿಯ ಡೆಸ್ಕ್‌ಟಾಪ್‌ಗಳು ಕೇಬಲ್‌ನಲ್ಲಿ ಸಲೀಸಾಗಿ ಸೇರಿಕೊಂಡವು. ಶಿಕ್ಷಕರ ಫೋನುಗಳು ಮಾತ್ರ ಹಟ ಹಿಡಿದವು: ವೈಫೈಗೆ ಇಂಟರ್ನೆಟ್ ಇಲ್ಲ ಎಂದು ಗೊತ್ತಾದ ಕೂಡಲೇ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರುತ್ತವೆ, ಪುಟ ತೆರೆಯುವುದಿಲ್ಲ. ಮೊಬೈಲ್ ಡೇಟಾ ಆಫ್ ಮಾಡಿ, "ಇಂಟರ್ನೆಟ್ ಇಲ್ಲದಿದ್ದರೂ ಸಂಪರ್ಕದಲ್ಲಿರಲಿ" ಎಂಬ ಸೂಚನೆಗೆ ಹೌದು ಎನ್ನಬೇಕು. ಇದನ್ನು ಬರೆದ ಚೀಟಿ ಈಗ ಸಿಬ್ಬಂದಿ ಕೊಠಡಿಯ ಗೋಡೆಯ ಮೇಲಿದೆ.

ಬೇರೆ ಶಾಲೆಗಳಿಗೆ ಸಂಗ್ರಹ ಹೋಗುವುದು ಸಮಾಲೋಚನಾ ಸಭೆಗೆ ಒಯ್ಯುವ ಹಾರ್ಡ್‌ಡಿಸ್ಕ್‌ನಲ್ಲಿ. ಆರ್‌ಸಿಂಕ್ ಎಂಬ ತಂತ್ರಾಂಶ ಬದಲಾದ ಕಡತಗಳನ್ನು ಮಾತ್ರ ನಕಲು ಮಾಡುತ್ತದೆ. ಇಬ್ಬರು ಒಂದೇ ಹಾಳೆಯನ್ನು ತಿದ್ದಿದ್ದರೆ ಲಿಬ್ರೆಆಫೀಸ್‌ನ ದಾಖಲೆ ಹೋಲಿಕೆಯಲ್ಲಿ ಎರಡನ್ನೂ ತೆರೆದು, ಆ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದು ಬದಲಾವಣೆಯನ್ನು ಒಪ್ಪುತ್ತೇವೆ ಅಥವಾ ಬಿಡುತ್ತೇವೆ. ಒಳ್ಳೆಯ ಪಾಠಚರ್ಚೆಗಳು ಹುಟ್ಟುವುದು ಆಗಲೇ. ಭಿನ್ನರಾಶಿಯ ಭಾಗಾಕಾರವನ್ನು ತಲೆಕೆಳಗು ಮಾಡಿ ಗುಣಿಸು ಎಂದು ಹೇಳಿಕೊಡಬೇಕೋ, ರೊಟ್ಟಿ ಹಂಚುವ ಚಿತ್ರದಿಂದ ಕಾರಣ ಕಾಣಿಸಬೇಕೋ ಎಂದು ಇಬ್ಬರು ವಾದ ಮಾಡಿ, ಕೊನೆಗೆ ಎರಡನ್ನೂ ಉಳಿಸಿ, ಯಾವುದು ಮೊದಲು ಎಂಬುದನ್ನು ಕಲಿಸುವವರಿಗೆ ಬಿಟ್ಟರು.

ಬಾಕಿ ಇರುವುದು

ಜಿಯೋಜಿಬ್ರಾ ವ್ಯಾಪಾರೇತರ ಬಳಕೆಗೆ ಉಚಿತ, ಆದರೆ ನಮ್ಮ ಪರವಾನಗಿ ವ್ಯಾಪಾರವನ್ನು ತಡೆಯುವುದಿಲ್ಲ. ನಾವು ಬಿಡಿಸಿದ ಚಿತ್ರಗಳು ನಮ್ಮವೇ; ಅವನ್ನು ಆಡಿಸುವ ತಂತ್ರಾಂಶವನ್ನು ಮಾತ್ರ ಅದೇ ಧೈರ್ಯದಲ್ಲಿ ಸಂಗ್ರಹದೊಳಗೆ ಸೇರಿಸಿ ಹಂಚಲಾಗದು. ಹಾಗಾಗಿ ಬ್ರೌಸರ್‌ನಲ್ಲೇ ಓಡುವ ಕೆಲವು ಚಿತ್ರಗಳನ್ನು ಬೈರಾಯ್ಟ್ ವಿಶ್ವವಿದ್ಯಾಲಯದ ಮುಕ್ತ ತಂತ್ರಾಂಶ ಜೆಎಸ್‌ಎಕ್ಸ್‌ಗ್ರಾಫ್‌ನಲ್ಲಿ ಮತ್ತೆ ಬರೆಯುತ್ತಿದ್ದೇವೆ. ವೃತ್ತದ ಸ್ಪರ್ಶಕ ಮುಗಿದಿದೆ, ಥೇಲ್ಸ್ ಪ್ರಮೇಯ ನಡೆಯುತ್ತಿದೆ. ಜೀವಶಾಸ್ತ್ರದ ಅರ್ಧದಷ್ಟು ಚಿತ್ರಗಳಿಗೆ ಆಕರದ ಸಾಲು ಇನ್ನೂ ತುಂಬಿಲ್ಲ. ತುಂಬುವವರೆಗೆ ಆ ಘಟಕಗಳು ಹಾರ್ಡ್‌ಡಿಸ್ಕ್‌ನಲ್ಲಿ ಹೊರಗೆ ಹೋಗುವುದಿಲ್ಲ. ನಮ್ಮ ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಒಂದು ಘಟಕ ಬರೆಯಬೇಕೆಂದು ಭೌತಶಾಸ್ತ್ರದ ಇಬ್ಬರು ಒಪ್ಪಿಕೊಂಡಿದ್ದಾರೆ. ಪ್ಯಾನೆಲ್‌ನ ಓರೆ ಎಷ್ಟಿರಬೇಕು ಎಂಬ ಪ್ರಶ್ನೆಯಿಂದ ತ್ರಿಕೋನಮಿತಿಗೂ ದಾರಿ ಸಿಗುತ್ತದೆ ಎಂದು ಹಿರಿಯ ಮೇಷ್ಟ್ರು ಆಗಲೇ ಎರಡು ಲೆಕ್ಕ ಬರೆದು ಕೊಟ್ಟಿದ್ದಾರೆ.

ನಿಮ್ಮ ತಾಲ್ಲೂಕಿನಲ್ಲಿ ಶುರು ಮಾಡುವವರಿಗೆ ಕ್ರಮದ ಬಗ್ಗೆ ಒಂದೇ ಸಲಹೆ: ಮೊದಲು ಒಪ್ಪಿಗೆ ಪತ್ರ, ಆಮೇಲೆ ಯುನಿಕೋಡ್, ಆಮೇಲೆ ಚಿತ್ರ, ಯಂತ್ರ ಕಟ್ಟಕಡೆಗೆ. ಸ್ಕ್ರಿಪ್ಟ್, ಅರ್ಕಾವೊತ್ತಿನ ಪದಪಟ್ಟಿ, ಒಪ್ಪಿಗೆ ಪತ್ರದ ನಮೂನೆ ಮೂರೂ ಸಂಗ್ರಹದ ಮೊದಲ ಫೋಲ್ಡರ್‌ನಲ್ಲೇ ಇವೆ. ಪದಪಟ್ಟಿಯಲ್ಲಿ ಇಲ್ಲದ ಪದ ಸಿಕ್ಕರೆ ಸೇರಿಸಿ ಕಳಿಸಿ, ಮುಂದಿನ ಸಭೆಯ ಹಾರ್ಡ್‌ಡಿಸ್ಕ್‌ನಲ್ಲಿ ಅದು ಎಲ್ಲರಿಗೂ ಹೋಗುತ್ತದೆ.